ಏಳನೇ ಟ್ಯೂಬು

12-7-77, ಮಂಗಳವಾರ

ಬಾಗೂರಿನಲ್ಲಿ ಆರೇ ಟ್ಯೂಬು ರಕ್ತ ಸಿಕ್ಕಿತು. ಹೋದ ವರ್ಷದ ಕ್ಯಾಂಪಿನಲ್ಲಿ ಸಂತಾನಹರಣ ಆಪರೇಷನ್ ಆದ ಗಂಡಸರು ಜೀಪು ಕಂಡರೆ ಈಗಲೂ ಹೊಲಕ್ಕೆ ಓಡುತ್ತಾರೆ. ಬೋರಪ್ಪ ಎಂಬುವನು ತೋಳು ಚಾಚಿಯೇ ಕೇಳಿದ: "ಅಲ್ರಿ ಸಾರ್, ಕೊಯ್ಯೋದು ಕೊಯ್ದಿದ್ದಾತು. ಈಗ ರಕ್ತಾನೂ ಬೇಕಾತೇನ್ರಿ?"

ಆಪರೇಷನ್ ಆದ ಕೆಲವರ ರಕ್ತ ತಮ್ಮದೇ ವೀರ್ಯಾಣುವನ್ನು ಶತ್ರು ಅಂದುಕೊಂಡು ಗಂಟುಕಟ್ಟಿಸುತ್ತದೆ, ಹಾಗಾದರೆ ಮುಂದೆ ಮಕ್ಕಳಾಗುವುದು ಕಷ್ಟ, ಅದನ್ನು ನೋಡಬೇಕು ಎಂದೆ. ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

14-7-77

ಹೋಲಿಕೆಗೆ ಆಪರೇಷನ್ ಆಗದವನ ರಕ್ತ ಬೇಕು. ಯಾವಾಗಲೂ ಅಟೆಂಡರ್ ಪಾಪಣ್ಣನದು. ಅವನಿಗೆ ಜ್ವರ ಬಿಟ್ಟು ಎರಡು ದಿನ — ಈ ಸಲ ನನ್ನದೇ ತೆಗೆದು ಏಳನೇ ಟ್ಯೂಬಿಗೆ ಹಾಕಿದೆ. ಏಳಕ್ಕೂ ಬೆರೆಸಿದ್ದು ಡ್ರೈವರ್ ಓಬಣ್ಣನ ವೀರ್ಯ. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾನೆ.

ಆರರಲ್ಲಿ ನಾಲ್ಕು ಟ್ಯೂಬಿನಲ್ಲಿ ವೀರ್ಯಾಣು ಗಂಟುಕಟ್ಟಿದವು. ಸರಿ. ಏಳನೆಯದೂ ಗಂಟು!

ಪಾಪಣ್ಣ ಟ್ಯೂಬು ಅದಲುಬದಲು ಮಾಡಿದ್ದಾನೆ. ಹೋದ ವಾರ ಬೈದಿದ್ದೆ. ಅದರ ಸೇಡು.

ಊಟದ ಹೊತ್ತಿಗೆ ಅವ್ವ ಮತ್ತೆ ಹೊಳಲ್ಕೆರೆ ಹೆಣ್ಣಿನ ಮಾತು ತೆಗೆದಳು. "ಮದ್ವೆ ಆಗಿ ಎಂಟ್ ವರ್ಷ ಆತು, ಒಂದ್ ಕೂಸಿಲ್ಲ. ಇವಳನ್ನ ತವರಿಗೆ ಕಳ್ಸು." ನನ್ನ ಹೆಂಡತಿ ಏಕಾಂತಮ್ಮ ಮುದ್ದೆ ಬಡಿಸುತ್ತಿದ್ದಳು. ಅವಳಲ್ಲಿ ದೋಷವಿಲ್ಲ, ಯಜಮಾನರನ್ನು ಕಳಿಸಿ ಎಂದು ಡಾಕ್ಟರಮ್ಮ ಹೇಳಿ ಮೂರು ವರ್ಷ. ನಾನು ಹೋಗಲಿಲ್ಲ. ಕೆಲಸವಿತ್ತು...

19-7-77

ಪಾಪಣ್ಣನನ್ನು ನಿಲ್ಲಿಸಿ ಕೇಳಿದೆ. "ಇಂಗ್ಲಿಷ್ ಚೀಟಿ ಓದಾಕೆ ಬಂದಿದ್ರೆ ನಾನ್ಯಾಕೆ ಬಾಟ್ಲಿ ತೊಳೀತಾ ಇರ್ತಿದ್ದೆ ಸಾರ್? ಬರ್ದು ಅಂಟ್ಸಿದ್ದೂ ನೀವೇ, ಜೋಡ್ಸಿದ್ದೂ ನೀವೇ."

ನಯವಾಗಿ ಮಾತಾಡುವವರನ್ನು ನಂಬಬಾರದು. ಕಪಾಟಿಗೆ ಬೀಗ ಹಾಕಿ ಕೀ ಜೇಬಿನಲ್ಲಿಟ್ಟುಕೊಂಡೆ.

26-7-77, ಸಂಜೆ 4

ರಕ್ತ ನಾನೇ ತೆಗೆದೆ. ಟ್ಯೂಬು ನಾನೇ ತೊಳೆದೆ. ಬಾಗಿಲ ಚಿಲಕ ಹಾಕಿಕೊಂಡೆ. ಓಬಣ್ಣನ ವೀರ್ಯವೇ ಕೆಟ್ಟಿರಬಹುದೆಂದು ಪಾಪಣ್ಣನ ರಕ್ತವನ್ನೂ ಪಕ್ಕದಲ್ಲಿಟ್ಟೆ.

ಪಾಪಣ್ಣನದರಲ್ಲಿ ಆರಾಮಾಗಿ ಈಜುತ್ತಿವೆ. ನನ್ನದರಲ್ಲಿ ಗಂಟು. ಮೂರು ಸಲ ನೋಡಿದೆ.

ಅನುಮಾನಪಡಲು ಇನ್ನು ಯಾರೂ ಉಳಿದಿಲ್ಲ.

31-7-77, ಭಾನುವಾರ, ಬೆಳಗ್ಗೆ

ಐದು ದಿನ ಬಾಯಿ ಬಿಡಲಿಲ್ಲ. ರಿಪೋರ್ಟಿನಲ್ಲಿ ಏಳನೆಯದರ ಮುಂದೆ 'ಸ್ಯಾಂಪಲ್ ಕೆಟ್ಟಿದೆ' ಎಂದು ಬರೆದೆ. ನಾಲ್ಕು ವರ್ಷದ ಸಂಶೋಧನೆಯಲ್ಲಿ ಬರೆದ ಮೊದಲ ಸುಳ್ಳು. ನಾಚಿಕೆಯಾಗುತ್ತದೆ.

ಇವತ್ತು ಹೊಳಲ್ಕೆರೆಗೆ ಹೆಣ್ಣು ನೋಡಲು ಹೊರಡಬೇಕಂತೆ. ಅವ್ವ ಹೊಸ ಸೀರೆ ಉಟ್ಟು ನಡುಮನೆಯಲ್ಲಿ ಕೂತಿದ್ದಾಳೆ. ಏಕಾಂತಮ್ಮನ ಟ್ರಂಕೂ ಅಲ್ಲೇ ಇದೆ, ಅವಳ ತವರು ಹೊಸದುರ್ಗದ ಬಸ್ಸಿಗೆ.

ಈ ಡೈರಿ ನಿನ್ನೆ ನಾನಿಟ್ಟ ಜಾಗದಲ್ಲಿರಲಿಲ್ಲ, ಬೇರೆ ಕಡೆ ಸಿಕ್ಕಿತು. ಯಾರೋ ತೆಗೆದಿದ್ದಾರೆ. ಅವ್ವನಿಗೆ ಓದು ಬಾರದು.

ಈಗಷ್ಟೇ ಏಕಾಂತಮ್ಮ ಕಾಫಿ ಇಟ್ಟು ಹೋದಳು. ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ, ಸಣ್ಣ ದನಿಯಲ್ಲಿ ಕೇಳಿದಳು: "ಏಳನೇ ಟ್ಯೂಬಿನ ವಿಷ್ಯ ಅತ್ತೆಗೆ ನೀವು ಹೇಳ್ತೀರೋ, ನಾನೇ ಹೇಳ್ಲೋ?"

ಅವ್ವ ಕೂಗುತ್ತಿದ್ದಾಳೆ. "ಹೊತ್ತಾತು, ಹೋಗಾಣ ಬಾರಪ್ಪ."

ಏಳಬೇಕು, ನಾನೇ ಹೇಳಬೇಕು. ಅವ್ವಾ ಎಂದು ಶುರು ಮಾಡಿ, ಆಮೇಲೆ —