ದಾಸವಾಳದ ಕೇಸಿನ ತೀರ್ಪು

ಬರೋಡ, ೧೪-೮-೧೯೯೯

ಅನುಪಮಾ ಅತ್ತಿಗೆಯವರ ಸನ್ನಿಧಿಗೆ ಮೈದುನ ತಿಪ್ಪೇಶನ ಸಾಷ್ಟಾಂಗ.

ನಮ್ಮ ಹಿತ್ತಲಿನ ದಾಸವಾಳದ ಹೂವಿನ ನಡುವೆ ಇನ್ನೊಂದು ಹೂ ಬಿಟ್ಟಿತೆಂದು ಅಜ್ಜಿ, "ಇವಳ ಮೈಲಿಗೆ ಕೈ ತಾಗೈತೆ" ಅಂತ ನಿಮ್ಮನ್ನು ಹಿತ್ತಲಿಗೇ ಬಿಡುತ್ತಿಲ್ಲವಂತೆ. ಅಣ್ಣ ಫೋನಿನಲ್ಲಿ ಹೇಳಿದ.

ನಿನ್ನೆ ಇಲ್ಲಿನ ಲ್ಯಾಬಿನಲ್ಲಿ ಸಾಸಿವೆ ಜಾತಿಯ ಪುಟ್ಟ ಗಿಡವೊಂದನ್ನು ನೋಡಿದೆ. ಅದರದ್ದೂ ಇದೇ ಕಥೆ: ಕೇಸರವಿರಬೇಕಾದಲ್ಲಿ ಎಸಳು, ಅದರೊಳಗೆ ಮತ್ತೊಂದು ಹೂ! ಮೊಗ್ಗಿನಲ್ಲಿ ಅಕ್ಕಪಕ್ಕದ ಜೀವಕೋಶಗಳು "ಲೇ, ನೀನು ಎಸಳಾಗು, ನಾನು ಕೇಸರ ಆಗ್ತೀನಿ" ಅಂತ ಸುದ್ದಿ ಕಳಿಸಿಕೊಳ್ಳುತ್ತವಂತೆ. "ಸಾಕು, ಇಲ್ಲಿಗೆ ನಿಲ್ಸ್ರಿ" ಅನ್ನಬೇಕಾದ ಜೀನು ಕೆಟ್ಟರೆ ಹೂವಿನೊಳಗೆ ಹೂ ಹುಟ್ಟುತ್ತಲೇ ಇರುತ್ತದೆ. ಈ ಗಿಡ ಬೆಳೆದದ್ದು ಅಜ್ಜಿಯ ದೇವರಮನೆಗಿಂತ ಮಡಿಯಾದ ಗಾಜಿನ ಕೋಣೆಯಲ್ಲಿ. ಮುಟ್ಟಿದವರು ನಮ್ಮ ಮೇಷ್ಟ್ರೊಬ್ಬರೇ. ಅವರಿಗೆ ಅರವತ್ತು ವಯಸ್ಸು, ದಪ್ಪ ಮೀಸೆ.

ನಾನು ಕ್ಷೇಮ. ಸಾರಿಗೂ ಬೆಲ್ಲ ಹಾಕುವ ಊರು, ಮುದ್ದೆಯಿಲ್ಲದೆ ಸೊರಗಿದ್ದೇನೆ.

ಅಂಚೆಯ ಓಬಳೇಶಣ್ಣ, ಅಜ್ಜಿಗೆ ಕಾರ್ಡು ಓದಿ ಹೇಳುವವನು ನೀನೇ ತಾನೆ? ಒಂದಕ್ಷರ ನುಂಗದೆ ಗಟ್ಟಿಯಾಗಿ ಓದು. "ಮುಚ್ಚಲೇ ಬಾಯಿ" ಅಂದರೂ ಬಿಡಬೇಡ.

ಅತ್ತಿಗೆ, ಅವರಿಬ್ಬರ ಜಗಳ ಮುಗಿಯುವುದರೊಳಗೆ ನೀವು ಹಿತ್ತಲಿಗೆ ಹೋಗಿ ಆ ಹೂವನ್ನೇ ಕಿತ್ತು ದೇವರಿಗೆ ಏರಿಸಿಬಿಡಿ. ಒಮ್ಮೆ ದೇವರ ತಲೆ ಮೇಲೆ ಕೂತರೆ ಅದನ್ನು ಇಳಿಸುವ ಧೈರ್ಯ ಅಜ್ಜಿಗೂ ಇಲ್ಲ.

ಕಾರ್ಡಿನಲ್ಲಿ ಇನ್ನು ಜಾಗವಿಲ್ಲ.
ತಿಪ್ಪೇಶ