ಹಂದಿಗೂಡಿಗೆ ಹೋದ ಹಾಡು

ಕಿಂಶುಕ್,

ಕೋಲ್ಕತ್ತದಲ್ಲಿ ನಿನಗೆ ಬಹುಮಾನ ತಂದ ಚಿತ್ರವನ್ನು ಇಂದು ನಮ್ಮ ಝೊಂಗು ಕಣಿವೆಯ ಶಾಲೆಯಲ್ಲಿ, ಅಣೆಕಟ್ಟಿನ ವಿಚಾರಣೆಯಲ್ಲಿ ತೋರಿಸಿದರು. ನಮ್ಮ ಸತ್ತವರು ಈ ಹೊಳೆಯಗುಂಟವೇ ಹಿಮಪರ್ವತಕ್ಕೆ ನಡೆಯುತ್ತಾರೆ ಎಂಬುದಕ್ಕೆ ಅದೇ ಸಾಕ್ಷಿಯಾಗಬೇಕಿತ್ತು.

ಪುರೋಹಿತ ಚೋಪೆಲ್ ಅಜ್ಜ ಆ ದಾರಿಯನ್ನು ಹಾಡುವ ದೃಶ್ಯ ಬಂದಾಗ ನಮ್ಮ ಲೆಪ್ಚಾ ಭಾಷೆ ಬಲ್ಲವರೆಲ್ಲ ಬಿದ್ದು ಬಿದ್ದು ನಕ್ಕರು. ಅಣೆಕಟ್ಟು ಕಂಪನಿಯ ದುಭಾಷಿ ಎದ್ದ.

"ಸಾರ್, ಇದ್ರಲ್ಲಿ ಹೊಳೇನೇ ಇಲ್ಲ. ಸತ್ತವನು ಹೆಂಡದಂಗಡಿಗೆ ಹೋಗ್ತಾನೆ, ಅಲ್ಲಿಂದ ಹಂದಿಗೂಡಿಗೆ."

ವಿಚಾರಣೆಯ ಅಧ್ಯಕ್ಷರು ಅಜ್ಜನ ಕಡೆ ತಿರುಗಿದರು.

"ಹೆಣ ಇಲ್ದೆ ಆ ಹಾಡು ಹಾಡಬಾರದು ಅಂದೆ. ಕ್ಯಾಮೆರಾದವನು ಮೂರು ದಿನ ಬಿಡ್ಲಿಲ್ಲ. ಬಾಯಿಗೆ ಬಂದದ್ದು ಹಾಡ್ದೆ."

"ಈಗ ನಿಜವಾದದ್ದು ಹಾಡಿ."

"ನೀವು ಸಾಯ್ತೀರಾ, ಸಾಹೇಬ್ರೇ? ಹಾಡ್ತೀನಿ."

ಅಂದು ಅಜ್ಜ ಬೇಡವೆಂದಾಗ ನೀನು ಬೆಳಕು ಚೆನ್ನಾಗಿದೆ ಎಂದಿದ್ದೆ. ಹಾಡಿನ ಒಂದು ಪದವೂ ತಿಳಿಯದೆ ನೀನು ಕಣ್ಣೊರೆಸಿಕೊಂಡಿದ್ದೆ. ಆ ಮುಖ ನೋಡಿ ನಾನು ಚಿತ್ರದ ಅಡಿಬರಹದಲ್ಲಿ, ಹಾಡಿನ ಅರ್ಥವೆಂದು, ಹಿಮದ ಬಾಗಿಲು, ಹೊಳೆಯ ಮೆಟ್ಟಿಲು ಎಂದೆಲ್ಲ ಬರೆದುಕೊಟ್ಟೆ.

"ಈ ಅನುವಾದ ಯಾರದು?" ಎಂದು ಅಧ್ಯಕ್ಷರು ಚಿತ್ರದ ಕೊನೆಯ ಹೆಸರುಗಳನ್ನು ಎರಡು ಸಲ ಓಡಿಸಿದರು. ಎಲ್ಲದಕ್ಕೂ ನಿನ್ನದೇ ಹೆಸರು. ಎರಡು ವರ್ಷ ಪಕ್ಕದಲ್ಲಿದ್ದವಳ ಹೆಸರು ಹಾಕಲಾರದಷ್ಟು ಸಣ್ಣವನು ನೀನು.

ಚಿತ್ರವನ್ನು ಸಾಕ್ಷಿಯಿಂದ ತೆಗೆದುಹಾಕಿದರು. ಅಜ್ಜ ನನ್ನನ್ನೇ ನೋಡುತ್ತಿದ್ದರು. ನಾನು ಏಳಲಿಲ್ಲ.