ಬಾಗಿಲು ತಟ್ಟಿದವಳು

ಸ್ಯಾಡ್ಲರ್ಸ್ ಕೋವ್, ನ್ಯೂಫೌಂಡ್‌ಲ್ಯಾಂಡ್
ಮೇ ಹದಿನಾಲ್ಕು

ಎಫಿ,

ನಿನ್ನ ಫಾರಂ ಕಳೆದ ವಾರದ ಫೆರಿಯಲ್ಲಿ ಬಂತು. ಜೊತೆಗೆ ಒಂದು ಸಾಲಾದರೂ ಬರೆದಿರುತ್ತೀಯೆಂದು ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದೆ. ಏನೂ ಬೀಳಲಿಲ್ಲ. 'ನನ್ನ ಬದಲಿಗೆ ಮತ ಹಾಕುವವರು' ಎಂಬಲ್ಲಿ ಡಲ್ಸಿ ಪಾರ್ಡಿ ಎಂದು ನಿನ್ನ ಕೈಬರಹ, ಕೆಳಗೆ ನಿನ್ನ ಸಹಿ. ಸೊಂಟ ಮುರಿದುಕೊಂಡು ಮಲಗಿದ್ದರೂ ಕೈಯ ಒತ್ತು ಹಾಗೇ ಇದೆ, ಅಕ್ಷರ ಕಾಗದದ ಹಿಂಬದಿಗೂ ಮೂಡಿದೆ. ಕೋಟನ್ನೂ ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಇಡೀ ಊರಿನಲ್ಲಿ ನಿನಗೆ ನಾನೇ ಸಿಕ್ಕೆನೆ? ಇದು ಕ್ಷಮೆಯೋ ಚುಚ್ಚುಮಾತೋ ಎಂದು ಯೋಚಿಸುತ್ತಾ ಕೂತವಳಿಗೆ ಒಲೆಯ ಮೇಲಿದ್ದ ನೀರು ಬತ್ತಿ ಪಾತ್ರೆ ಸೀದ ವಾಸನೆ ಬಂದಾಗಲೇ ಎಚ್ಚರ.

ಜೂನ್ ಇಪ್ಪತ್ತಕ್ಕೆ ಎರಡನೇ ಮತದಾನ. ನಿಯಮ ಹಳೆಯದೇ. ಹತ್ತರಲ್ಲಿ ಒಂಬತ್ತು ಮಂದಿ ಹೋಗೋಣ ಎಂದರೆ ಸರ್ಕಾರ ಪ್ರತಿ ಮನೆಗೂ ಬೇರೆ ಕಡೆ ನೆಲೆ ನಿಲ್ಲುವಷ್ಟು ಕೊಡುತ್ತದೆ, ಆಮೇಲೆ ಕರೆಂಟು ತೆಗೆದು ಫೆರಿ ನಿಲ್ಲಿಸುತ್ತದೆ. ಒಂದೇ ಒಂದು ಮತ ಕಡಿಮೆಯಾದರೂ ಎಲ್ಲರೂ ಇಲ್ಲೇ. ಒಬ್ಬರೇ ಹೊರಡುತ್ತೇವೆ ಎನ್ನುವವರು ಬರಿಗೈಯಲ್ಲಿ ಹೊರಡಬೇಕು, ಇಲ್ಲಿ ಮನೆ ಕೊಳ್ಳುವ ಹುಚ್ಚರು ಯಾರಿದ್ದಾರೆ.

ನಿನಗೆ ಇದೆಲ್ಲ ಗೊತ್ತು. ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಯಾಕೆಂದರೆ ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ. ಇರಲಿ, ಪುಸ್ತಕದಿಂದ ಶುರುಮಾಡುತ್ತೇನೆ.

ನಾನು ಬರೆದ ಆ ಪುಸ್ತಕದ ಟ್ರೈಫೀನಾ ನೀನೇ ಎಂದು ಊರಿಗೆಲ್ಲ ಗೊತ್ತಿತ್ತು. ನಿನ್ನದೇ ಹಳದಿ ಬಾಗಿಲು, ನಿನ್ನದೇ ಮೊಂಡುತನ, ನಿನ್ನ ಗಾರ್ಲಂಡನ ಹಾಗೆ ಸಮುದ್ರ ಎಳೆದುಕೊಂಡ ಗಂಡ. ಟ್ರೈಫೀನಾ ಕಪ್ಪು ಶಾಲು ಹೊದ್ದು, ಲಾಟೀನು ಹಿಡಿದು, ಕಿಟಕಿಯ ಬಳಿ ಕುಳಿತು ಸಮುದ್ರವನ್ನೇ ನೋಡುತ್ತಾಳೆ. ಅವನು ಇಲ್ಲಿ ಮಲಗಿರುವಾಗ ನಾನೆಲ್ಲಿಗೆ ಹೋಗಲಿ ಎನ್ನುತ್ತಾಳೆ, ಅವಳೊಬ್ಬಳ 'ಬೇಡ'ದಿಂದ ಊರು ಉಳಿಯುತ್ತದೆ. ನೀನೋ, ಗಾರ್ಲಂಡ್ ಹೋದ ವಾರವೇ ನಿನ್ನ ಕುರ್ಚಿಯನ್ನು ಕಿಟಕಿಗೆ ಬೆನ್ನುಮಾಡಿ ತಿರುಗಿಸಿಟ್ಟವಳು. ಇಪ್ಪತ್ತಾರು ವರ್ಷ ಆ ಕುರ್ಚಿ ಒಲೆಯ ಕಡೆಗೇ ಮುಖಮಾಡಿತ್ತು. ಎದುರಿನ ಬೆಂಚಿನಲ್ಲಿ ಕುಳಿತು ದಿನಾ ಚಹಾ ಕುಡಿದ ನಾನು ಅದನ್ನು ನೋಡಿರಲಿಲ್ಲವೆ? ನೋಡಿದ್ದೆ. ಬರೆಯುವಾಗ ಕಿಟಕಿಯ ಕಡೆಗೆ ತಿರುಗಿಸಿದೆ. ಹಾಗಿದ್ದರೆ ಚೆಂದ ಅನ್ನಿಸಿತು, ಅಷ್ಟೇ.

ನೀನು ಎರಡು ದಿನದಲ್ಲಿ ಓದಿ ಮುಗಿಸಿ, ಕನ್ನಡಕ ತೆಗೆದು, "ಚೆನ್ನಾಗಿದೆ ಕಣೆ. ಆದ್ರೆ ಇವಳು ಯಾರು?" ಎಂದೆ. ನಾನು ನಕ್ಕೆ. ತಮಾಷೆ ಮಾಡುತ್ತಿದ್ದೀಯ ಅಂದುಕೊಂಡೆ.

ಮುಖಪುಟಕ್ಕೆಂದು ಪಟ್ಟಣದಿಂದ ಆ ಚಿತ್ರ ಬರೆಯುವ ಹೆಂಗಸು ಬಂದಿದ್ದಳಲ್ಲ. ನಿನ್ನ ಕೈಗೆ ಲಾಟೀನು ಕೊಟ್ಟು, ಯಾರದೋ ಶಾಲು ಹೊದಿಸಿ, "ಸ್ವಲ್ಪ ದುಃಖದಿಂದ ನೋಡಿ" ಎಂದಳು. "ಬ್ರೆಡ್ಡು ಒಲೆಯಲ್ಲಿದೆಯಮ್ಮ, ನೀನು ಬೇಗ ಮುಗಿಸದಿದ್ರೆ ದುಃಖ ತಾನಾಗೇ ಬರುತ್ತೆ" ಎಂದೆ ನೀನು. ನನ್ನ ಪುಸ್ತಕದಲ್ಲಿ ಹಾಗೆ ಮಾತಾಡುವವಳು ಒಬ್ಬಳೂ ಇಲ್ಲ, ಎಫಿ. ಬೇಸಿಗೆಯಲ್ಲಿ ಬಂದವರು ನಿನ್ನ ಬಾಗಿಲ ಮುಂದೆ ನಿಂತು ಫೋಟೋ ತೆಗೆದುಕೊಂಡರು. ಊರಿನವರು ಅದೇ ಪುಸ್ತಕ ನೋಡಿ ನನ್ನನ್ನು ಊರಿನ ಕಮಿಟಿಗೆ ಅಧ್ಯಕ್ಷೆ ಮಾಡಿದರು. ನಮ್ಮ ಡಲ್ಸಿಗೆ ನಮ್ಮ ಮನಸ್ಸು ಗೊತ್ತು, ಅವಳೇ ನಮ್ಮ ಪರವಾಗಿ ಮಾತಾಡಲಿ ಎಂದರು. ಮಂತ್ರಿಯ ಕಚೇರಿಯಲ್ಲಿ, ರೇಡಿಯೋದಲ್ಲಿ, ಎಲ್ಲ ಕಡೆ ನಾನು 'ನಾವು' ಎಂದೇ ಮಾತಾಡಿದೆ. ಮಾತಾಡಿ ಮಾತಾಡಿ ಅದರ ರುಚಿ ಹತ್ತಿತು.

ಎರಡು ವರ್ಷದ ಹಿಂದೆ, ಮೊದಲ ಮತದಾನಕ್ಕೆ ಮುಂಚೆ, ಚರ್ಚಿನ ಹಾಲಿನಲ್ಲಿ ಎದ್ದುನಿಂತು, "ನಿಮ್ಮಲ್ಲಿ ಹೆಚ್ಚಿನವರು ಏನು ಬಯಸ್ತೀರೋ ಅದೇ ನನ್ನ ಮತ" ಎಂದು ಮಾತು ಕೊಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಚ್ಚಿನವರಿಗೆ ಹೋಗುವುದೇ ಬೇಕಿತ್ತು. ಸೆಲ್ಬಿಯ ಹೆಂಡತಿ ಉನಾಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಗಬೇಕಿತ್ತು, ನಮ್ಮ ಫೆರಿ ಬರುವುದೇ ವಾರಕ್ಕೆರಡು ಸಲ. ಇರುವ ಮೂವತ್ತೊಂದು ಮತದಲ್ಲಿ ಇಪ್ಪತ್ತೆಂಟು ಬೇಕು. ಹೆಜಕಾಯ ಮಾಮ, ಬಂಗೇ ಅಣ್ಣತಮ್ಮಂದಿರು, ಈ ಮೂವರು ಮಾತ್ರ ಹೋಗುವುದಿಲ್ಲವೆಂದು ಹಟ ಹಿಡಿದಿದ್ದರು. ಉಳಿದವರೆಲ್ಲ ಸೇರಿದರೆ ಸರಿಯಾಗಿ ಇಪ್ಪತ್ತೆಂಟು.

ಬಂದದ್ದು ಇಪ್ಪತ್ತೇಳು.

ಆ ನಾಲ್ಕನೆಯ 'ಬೇಡ' ನನ್ನದು.

ನಿನಗಿದು ಆವತ್ತೇ ಗೊತ್ತಾಗಿತ್ತು ಎಂದು ನನಗೆ ಈಗ ಗೊತ್ತು. ಆದರೂ ನನ್ನ ಕೈಯಾರೆ ಒಮ್ಮೆ ಬರೆಯಬೇಕು. ಪರದೆಯ ಹಿಂದೆ ಪೆನ್ಸಿಲ್ ಹಿಡಿದಾಗ ನನಗೆ ಉನಾ ನೆನಪಾಗಲಿಲ್ಲ, ನೀನೂ ನೆನಪಾಗಲಿಲ್ಲ. ಈ ಊರೇ ಇಲ್ಲದ ಮೇಲೆ ನಾನು ಯಾರ ಪರವಾಗಿ ಮಾತಾಡಲಿ, ಯಾರನ್ನು ಬರೆಯಲಿ ಎಂದು ಭಯವಾಯಿತು. ಗ್ಯಾಂಡರ್ ಪಟ್ಟಣದ ಯಾವುದೋ ಬೀದಿಯಲ್ಲಿ ನಾನು ಚೀಲ ಹಿಡಿದು ನಡೆಯುವ ಒಬ್ಬ ಮುದುಕಿ, ಇನ್ನೇನು? ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದೊಂದು ಕಾರಣ ಇದ್ದಿದ್ದರೆ ಹೇಳಿಕೊಳ್ಳಲು ಸುಲಭವಾಗುತ್ತಿತ್ತು.

ಅಧಿಕಾರಿ ಎಣಿಸಿ ಮುಗಿಸಿದಾಗ ಸೆಲ್ಬಿ, "ಮೂರು ಯಾರದ್ದು ಅಂತ ಗೊತ್ತು. ಇನ್ನೊಂದು ಯಾರದ್ದು?" ಎಂದ. ನೀನು ಮೂಲೆಯಲ್ಲಿ ಚಹಾ ಬಗ್ಗಿಸುತ್ತಿದ್ದೆ. ಒಬ್ಬೊಬ್ಬರೇ ತಿರುಗಿ ನಿನ್ನನ್ನು ನೋಡಿದರು. ಉನಾ ಎದ್ದು ಕೋಟು ಹಾಕಿಕೊಳ್ಳುತ್ತಾ, "ಕೇಳೋದೇನಿದೆ, ಪುಸ್ತಕದಲ್ಲೇ ಬರ್ದಿದೆಯಲ್ಲ" ಎಂದಳು. ಎಫಿ, ಆಗ ನಾನೂ ನಿನ್ನ ಕಡೆಗೇ ನೋಡಿದೆ. ಎಲ್ಲರ ಜೊತೆ ಸೇರಿ ನೋಡಿದೆ. ನೀನು ತಲೆಯೆತ್ತಿ, ಬೇರೆ ಯಾರನ್ನೂ ನೋಡದೆ ನನ್ನನ್ನೊಬ್ಬಳನ್ನೇ ನೋಡಿ, ಮತ್ತೆ ಚಹಾ ಬಗ್ಗಿಸಿದೆ. ಒಂದು ಮಾತು ಆಡಿದ್ದರೆ ಸಾಕಿತ್ತು, ನಾನು ಅಲ್ಲೇ ಸಿಕ್ಕಿಬೀಳುತ್ತಿದ್ದೆ. ನೀನು ಆಡಲಿಲ್ಲ.

ಮಾರನೆಯ ದಿನದಿಂದ ಅವರು ನಿನ್ನ ಬಾಗಿಲು ತಟ್ಟತೊಡಗಿದರು. ಹೊರಗಿನವರಿಗೆ ಹೇಳಿದರೆ ಅದರಲ್ಲೇನಿದೆ ಎನ್ನುತ್ತಾರೆ. ಈ ಊರಲ್ಲಿ ಯಾರು ಯಾರ ಬಾಗಿಲನ್ನು ತಟ್ಟಿದ್ದಾರೆ? ನೇರ ಒಳಗೆ ಬಂದು, ಬೂಟು ಬಿಚ್ಚಿ, ಕೇಳದೆಯೇ ಕೆಟಲಿಗೆ ಕೈಹಾಕುವವರು ನಾವು. ತಟ್ಟುವವರು ಪಾದ್ರಿ, ಪೊಲೀಸು, ಪರವೂರಿನವರು. ಸೆಲ್ಬಿ ನಿನ್ನ ಕಾಗದ ಕೊಡಲು ಬಂದು ತಟ್ಟಿ, ಹೊರಗೇ ನಿಂತು ಕೊಟ್ಟು ಹೋದ. ಅದೇ ಸೆಲ್ಬಿ ಪ್ರತಿ ಚಳಿಗಾಲ ನಿನ್ನ ಅಂಗಳದಲ್ಲಿ ಒಂದು ಹೊರೆ ಸೌದೆ ಇಳಿಸಿ ಹೋಗುತ್ತಿದ್ದವನು. ಉನಾ ಡಯಾಲಿಸಿಸ್‌ಗೆಂದು ಪಟ್ಟಣದಲ್ಲಿ ಒಂದು ಕೋಣೆ ಹಿಡಿದು ಹೋದಳು, ಅವನು ದೋಣಿ ಬಿಟ್ಟು ಹೋಗಲಾರದೆ ಇಲ್ಲೇ ಉಳಿದ. ಆ ಸಿಟ್ಟೆಲ್ಲ ನಿನ್ನ ಮೇಲೆ. ನಾನು ಮಾತ್ರ ತಟ್ಟದೆ ಬರುತ್ತಿದ್ದೆ, ನಿನ್ನ ಚಹಾ ಕುಡಿಯುತ್ತಿದ್ದೆ, "ಜನ ಹೀಗಾದ್ರಲ್ಲ ಎಫಿ" ಎಂದು ನಿಟ್ಟುಸಿರು ಬೇರೆ ಬಿಡುತ್ತಿದ್ದೆ. ಆಗ ನೀನು ಕೆಟಲನ್ನು ನನ್ನ ತಲೆಗೆ ಎಸೆಯದೆ ಇದ್ದದ್ದು ದೊಡ್ಡದು.

ಆ ವರ್ಷದ ಕ್ರಿಸ್‌ಮಸ್ಸಿನಲ್ಲಿ ಮುಖ ಮುಚ್ಚಿಕೊಂಡು ಮನೆಮನೆ ತಿರುಗುವ ವೇಷದ ದಿನಗಳು ನೆನಪಿವೆಯೆ ಎಂದು ಕೇಳುವುದು ಸರಿಯಲ್ಲ. ನಿನಗೆ ನೆನಪಿರುತ್ತದೆ. ಸಂಜೆ ಐದು ಗಂಟೆ, ನನ್ನ ಅಡುಗೆಮನೆ ತುಂಬ ಜನ. ಬಾಗಿಲು ತಟ್ಟಿದ ಸದ್ದು. ವೇಷದವರು ತಟ್ಟಲೇಬೇಕಲ್ಲ. ಕಪ್ಪು ಶಾಲು, ಮುಖಕ್ಕೆ ದಿಂಬಿನ ಚೀಲ, ಕೈಯಲ್ಲಿ ಲಾಟೀನು. "ಅಯ್ಯೋ, ಟ್ರೈಫೀನಾ ಬಂದ್ಲು" ಎಂದು ಎಲ್ಲರೂ ಹೋ ಎಂದು ನಕ್ಕರು. ನನಗೋ ಹೆಮ್ಮೆ, ನನ್ನ ಪಾತ್ರವೇ ನನ್ನ ಮನೆಗೆ ಬಂದಿದೆಯಲ್ಲ ಎಂದು. ಒಬ್ಬೊಬ್ಬರ ಹೆಸರೂ ಹೇಳಿ ಊಹಿಸಿದೆ. ಸೆಲ್ಬಿಯ ಹೆಸರು ಹೇಳಿದೆ, ಹೆಜಕಾಯ ಮಾಮನ ಹೆಸರನ್ನೂ ಹೇಳಿದೆ. ವೇಷ ಪ್ರತಿ ಸಲವೂ ಅಲ್ಲವೆಂದು ತಲೆಯಾಡಿಸಿತು. ಕೊನೆಗೆ ಆ ವೇಷ ಉಸಿರನ್ನು ಒಳಗೆಳೆದುಕೊಳ್ಳುತ್ತಾ, ದನಿಯ ಗುರುತು ಸಿಗದ ಹಾಗೆ, "ನನ್ನನ್ನ ಆಚೆ ದಡಕ್ಕೆ ಹೋಗೋಕೆ ಬಿಡೇ ತಾಯಿ" ಎಂದಿತು. ನಾನೇನೆಂದೆ ಗೊತ್ತಲ್ಲ? "ಮಾರಾಯ್ತಿ, ಪುಸ್ತಕ ಸರಿಯಾಗಿ ಓದ್ಕೊಂಡು ಬಾ. ಟ್ರೈಫೀನಾ ಯಾವತ್ತೂ ಹಾಗನ್ನಲ್ಲ" ಎಂದೆ. ಮತ್ತೆ ಎಲ್ಲರೂ ನಕ್ಕರು.

ಗುರುತು ಹಿಡಿದರೆ ವೇಷದವರು ಮುಸುಕು ತೆಗೆಯಬೇಕು, ಕೇಕು ತಿನ್ನಬೇಕು. ಹಿಡಿಯದಿದ್ದರೆ ಹಾಗೇ ಹೋಗಬೇಕು. ಅಲ್ಲಿರದ ಊರಿನವರ ಹೆಸರನ್ನೆಲ್ಲ ಹೇಳಿದೆ. ನಿನ್ನ ಹೆಸರೊಂದು ನನ್ನ ಬಾಯಿಗೆ ಬರಲಿಲ್ಲ. ಲಾಟೀನು ಹಿಡಿದು ನೀನು ಹೊರಟುಹೋದೆ.

ಈ ಫೆಬ್ರವರಿಯಲ್ಲಿ ನೀನು ಮಂಜಿನ ಮೇಲೆ ಬಿದ್ದು, ಹೆಲಿಕಾಪ್ಟರ್ ನಿನ್ನನ್ನು ಎತ್ತಿಕೊಂಡು ಹೋದ ದಿನ, ಮನೆಯ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯದಿರಲೆಂದು ಬಂದ್ ಮಾಡಲು ನಾನೇ ಹೋದೆ. ಬಾಗಿಲ ಹಿಂದಿನ ಮೊಳೆಯಲ್ಲಿ ಕಪ್ಪು ಶಾಲು ನೇತಾಡುತ್ತಿತ್ತು. ಶಾಲೂ ಅಲ್ಲ, ಹಳೆಯ ಕಿಟಕಿ ಪರದೆಗೆ ಬಣ್ಣ ಹಾಕಿದ್ದು. ಜೊತೆಗೆ ಕಣ್ಣಿನ ಜಾಗದಲ್ಲಿ ಎರಡು ತೂತು ಮಾಡಿದ ದಿಂಬಿನ ಚೀಲ. ಮಂಚದ ಕೆಳಗೆ ಟ್ರಂಕು, ಅದರ ಮೇಲೆ ನಿನ್ನ ಮಗಳು ಗ್ಲೆನಿಸಳ ಗ್ಯಾಂಡರ್ ವಿಳಾಸ ಬರೆದು ಕಟ್ಟಿದ ಚೀಟಿ. ತೆರೆದೆ. ತೆರೆಯಬಾರದಿತ್ತು, ತೆರೆದೆ. ನೀನು ನಿನ್ನ ಒಳ್ಳೆಯ ಚಹಾ ಬಟ್ಟಲುಗಳನ್ನು ಒಂದೊಂದನ್ನೇ ಪತ್ರಿಕೆಯಲ್ಲಿ ಸುತ್ತಿಟ್ಟಿದ್ದೆ. ಪತ್ರಿಕೆಯ ತಾರೀಕು ಮೊದಲ ಮತದಾನಕ್ಕೆ ಮೂರು ದಿನ ಮುಂಚಿನದು. ಆ ಖಾಲಿ ಮನೆಯಲ್ಲಿ, ಒಲೆಯ ಕಡೆ ತಿರುಗಿದ ನಿನ್ನ ಕುರ್ಚಿಯಲ್ಲಿ ಕುಳಿತು ಅತ್ತೆ. ಅಲ್ಲಿ ಕುಳಿತರೆ ಸಮುದ್ರ ಒಂದಿಷ್ಟೂ ಕಾಣುವುದಿಲ್ಲ. ನನಗೆ ಅದು ಆವತ್ತಿನವರೆಗೂ ಗೊತ್ತಿರಲಿಲ್ಲ.

ಆಮೇಲೂ ಮೂರು ತಿಂಗಳು ಬಾಯಿ ಬಿಡಲಿಲ್ಲ. ನಿನ್ನ ಫಾರಂ ಬಾರದಿದ್ದರೆ ಈಗಲೂ ಬಿಡುತ್ತಿರಲಿಲ್ಲವೇನೋ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಹಾಲಿನಲ್ಲಿ ಎದ್ದುನಿಂತು ಹೇಳಿದೆ. ನಾಲ್ಕನೆಯದು ನನ್ನದು, ಎಫಿಯದಲ್ಲ ಎಂದೆ. ಹೆಜಕಾಯ ಮಾಮ, "ಹಂಗಾದ್ರೆ ಇಷ್ಟು ಜನದಾಗೆ ಬಾಯಿಬಿಟ್ಟು ನಿಜ ಹೇಳಿದ ದಡ್ಡರು ನಾವ್ ಮೂರೇ ಜನ ಅನ್ನು" ಎಂದ. ಸೆಲ್ಬಿ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, "ಎರಡು ಚಳಿಗಾಲ ಅವಳ ಮನೆ ಮುಂದೇನೇ ಸೌದೆ ಎಳ್ಕೊಂಡು ಹೋದೆ. ಒಂದು ತುಂಡೂ ಹಾಕ್ಲಿಲ್ಲ" ಎಂದ. ಅದನ್ನು ನನಗೆ ಹೇಳಲಿಲ್ಲ, ನೆಲಕ್ಕೆ ಹೇಳಿದ. ಆಮೇಲೆ ಎದ್ದು ಹೋದ.

ಸೋಮವಾರ ಬೆಳಿಗ್ಗೆ ನನ್ನ ಬಾಗಿಲು ತಟ್ಟಿದ ಸದ್ದಾಯಿತು. ಸೆಲ್ಬಿ ಹೊರಗೆ ನಿಂತಿದ್ದ. "ಚರ್ಚಿನ ಹಾಲಿನ ಬೀಗದ ಕೈ ಕೊಡಿ, ಮಿಸೆಸ್ ಪಾರ್ಡಿ" ಎಂದ. ಒಂದೇ ದೋಣಿಯಲ್ಲಿ ಶಾಲೆಗೆ ಹೋದವನು, ಅರವತ್ತು ವರ್ಷ ಡಲ್ಸಿ ಎಂದೇ ಕರೆದವನು. ಕೊಟ್ಟೆ. ಬಾಗಿಲು ಮುಚ್ಚಿಕೊಂಡು ಅಲ್ಲೇ ನಿಂತೆ. ನೀನು ಎರಡು ಚಳಿಗಾಲ ಕೇಳಿದ ಸದ್ದನ್ನು ನಾನು ಒಂದು ಬೆಳಿಗ್ಗೆ ಕೇಳಿದ್ದೇನೆ, ಅಷ್ಟೇ. ಅಳತೆ ಮಾಡಿ ನೋಡುವ ಮುಖ ನನಗಿಲ್ಲ.

ಈಗ ಫಾರಂ ವಿಷಯ. ಈ ಸಲ ನನ್ನ ಮತವನ್ನು 'ಹೋಗೋಣ' ಎಂದೇ ಹಾಕುತ್ತೇನೆ. ಮನಸ್ಸು ಬದಲಾಗಿಲ್ಲ, ನನಗೆ ಇಲ್ಲೇ ಇರಬೇಕು. ಆದರೆ ಆವತ್ತು ಕೊಟ್ಟ ಮಾತು ಇನ್ನೂ ಹಾಗೇ ಬಿದ್ದಿದೆ. ಆ ಮೂವರು ಈಗಲೂ ಜಗ್ಗುವವರಲ್ಲ. ನನ್ನದೂ ಸೇರಿ ಇಪ್ಪತ್ತೇಳು ಆಗುತ್ತದೆ. ಇಪ್ಪತ್ತೆಂಟನೆಯದು ನಿನ್ನದು. ಊರು ಇರುವುದೂ ಹೋಗುವುದೂ ಈಗ ನಿಜವಾಗಿಯೂ ನಿನ್ನ ಕೈಯಲ್ಲಿದೆ, ಪುಸ್ತಕದಲ್ಲಿ ನಾನು ಸುಳ್ಳೇ ಬರೆದ ಹಾಗೆ. ಉನಾ ಪಟ್ಟಣದಿಂದ ಫೋನು ಮಾಡಿ, "ಎಫಿ ಏನಂತಾಳೆ?" ಎಂದು ಕೇಳಿದಳು. ನಿನ್ನ ಬಗ್ಗೆ ಕೇಳಿದವರಿಗೆಲ್ಲ ಇಷ್ಟು ವರ್ಷ ಪಟಪಟನೆ ಉತ್ತರ ಕೊಟ್ಟವಳು ನಾನು. ಮೊದಲ ಸಲ, ನನಗೆ ಗೊತ್ತಿಲ್ಲ ಎಂದೆ.

ಆ ಟ್ರಂಕು ನೋಡಿದ್ದೇನೆ, ಹೋಗೋಣ ಎಂದು ನಿನ್ನ ಪರವಾಗಿ ಗುರುತು ಹಾಕಿಬಿಡಬಹುದು. ಆದರೆ ಬಟ್ಟಲು ಸುತ್ತಿಟ್ಟವಳು ಎರಡು ವರ್ಷದ ಹಿಂದಿನ ಎಫಿ. ಅವಳನ್ನು ನೋಡಿಕೊಂಡು ಈಗಿನ ನಿನ್ನನ್ನು ಬರೆದರೆ ಅದು ಇನ್ನೊಂದು ಟ್ರೈಫೀನಾ ಆಗುತ್ತದೆ. ಅದಕ್ಕೇ ನಿನ್ನ ಫಾರಮ್ಮನ್ನು ವಾಪಸ್ ಕಳಿಸುತ್ತಿದ್ದೇನೆ. ಅಧಿಕಾರಿಯನ್ನು ಕೇಳಿದೆ, ಆಸ್ಪತ್ರೆಯಿಂದ ಅಂಚೆಯಲ್ಲಿ ನೀನೇ ಹಾಕಬಹುದಂತೆ. ಆ ಕಾಗದವೂ ಜೊತೆಗಿದೆ, ಅಂಚೆಚೀಟಿ ಅಂಟಿಸಿದ ಲಕೋಟೆಯೂ ಇದೆ. ಗ್ಲೆನಿಸಳಿಗೂ ತೋರಿಸಬೇಡ, ನನಗೂ ಹೇಳಬೇಡ. ಇಲ್ಲ, ಹೇಳಬೇಕು ಅನ್ನಿಸಿದರೆ ಹೇಳು. ನಲವತ್ತು ವರ್ಷ ನಿನ್ನ ಎದುರು ಕುಳಿತು ಚಹಾ ಕುಡಿದಿದ್ದೇನೆ, ಒಂದು ಸಲವೂ ಕೇಳಲಿಲ್ಲ.

ನಿನಗೇನು ಬೇಕು, ಎಫಿ?

ಸೊಂಟ ಬೇಗ ಕೂಡಲಿ. ನೋವಿಲ್ಲದೆ ನಿದ್ದೆ ಬರಲಿ. ಅಲ್ಲಿ ನಿನ್ನ ಕುರ್ಚಿಯನ್ನು ನಿನಗೆ ಬೇಕಾದ ಕಡೆಗೇ ತಿರುಗಿಸಿಡಲಿ. ಮುಂದಿನ ಶುಕ್ರವಾರದ ಫೆರಿಗೆ ಹೊರಟು ಆಸ್ಪತ್ರೆಗೆ ಬರುತ್ತೇನೆ. ಮುಖದ ಮೇಲೆ ಏನೂ ಇರುವುದಿಲ್ಲ. ಬಾಗಿಲು ತಟ್ಟಿ ಹೊರಗೇ ನಿಂತಿರುತ್ತೇನೆ. ಯಾರದು ಎಂದು ನೀನು ಕೇಳಿದರೆ ಹೆಸರು ಹೇಳುತ್ತೇನೆ.

ಡಲ್ಸಿ